ಆರೋಗ್ಯ ಪ್ರಶ್ನೋತ್ತರ: ಶುಶ್ರೂಷಾ ಪರೀಕ್ಷೆಗೆ ಕುಳಿತವರಿಗೆ

ಪ್ರಶ್ನೆ: ನಾನು ಜಿಎನ್‌ಎಂ ಕೊನೆಯ ವರ್ಷದಲ್ಲಿ ಓದುತ್ತಿದ್ದೇನೆ. ರೋಗಗಳ ಲಕ್ಷಣ, ಶುಶ್ರೂಷೆ ಎಲ್ಲವನ್ನೂ ಬಾಯಿಪಾಠ ಮಾಡಿದ್ದೇನೆ. ಆದರೆ ‘ಈ ರೋಗಿಗೆ ಮೊದಲು ಏನು ಮಾಡುವಿರಿ’ ಎಂದು ಕೇಳಿದರೆ ನಾಲ್ಕು ಉತ್ತರಗಳೂ ಸರಿಯೆಂದೇ ತೋರುತ್ತವೆ. ಹಾವಿನ ಕಡಿತ, ಕ್ರಿಮಿನಾಶಕದ ವಿಷ ಇವೆರಡಂತೂ ಎಷ್ಟು ಓದಿದರೂ ಒಂದಕ್ಕೊಂದು ಕಲಸಿಹೋಗುತ್ತವೆ. ಹೇಗೆ ಓದಲಿ?
– ವಿದ್ಯಾರ್ಥಿನಿ, ಚಂದಕವಾಡಿ

ಉತ್ತರ: ತಂಗಿ, ನಾಲ್ಕು ಉತ್ತರಗಳೂ ಸರಿಯೆಂದು ತೋರುವುದರಲ್ಲಿ ಆಶ್ಚರ್ಯವೇನೂ ಇಲ್ಲ, ಪ್ರಶ್ನೆಪತ್ರಿಕೆಯನ್ನು ರಚಿಸುವವರು ಬಹುಮಟ್ಟಿಗೆ ಅವನ್ನು ಮಾಡತಕ್ಕ ಕೆಲಸಗಳಿಂದಲೇ ಆರಿಸಿರುತ್ತಾರೆ. ಅವರು ಕೇಳುತ್ತಿರುವುದು ಕ್ರಮವನ್ನು. ಆ ಕ್ರಮವಾದರೋ, ಯಾವ ಕೆಲಸ ತಡವಾದರೆ ರೋಗಿಯ ಪ್ರಾಣಕ್ಕೆ ಎಲ್ಲಕ್ಕಿಂತ ಮುಂಚೆ ಸಂಚಕಾರ ಬರುವುದೋ ಅದರಿಂದಲೇ ನಿರ್ಣೀತವಾಗತಕ್ಕದ್ದು. ಆದುದರಿಂದ ಪಟ್ಟಿಗಳನ್ನು ಮುಚ್ಚಿಟ್ಟು, ನಿಮ್ಮ ಹೋಬಳಿಯ ಹೊಲಗದ್ದೆಗಳಲ್ಲಿ ನಡೆಯಬಹುದಾದ ಒಂದು ಪ್ರಸಂಗವನ್ನು ಕಣ್ಣೆದುರಿಗೆ ತಂದುಕೊಂಡು, ಆ ದೇಹದೊಳಗೆ ಗಳಿಗೆಗಳಿಗೆಗೂ ಏನಾಗುತ್ತಿದೆಯೆಂಬುದನ್ನು ಅನುಸರಿಸಿಕೊಂಡು ಹೋಗುವುದನ್ನು ರೂಢಿಮಾಡಿಕೊಳ್ಳಿ.

ಅರಿಶಿನದ ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸಿನ ಪಾದಕ್ಕೆ ಕೊಳಕುಮಂಡಲ ಕಚ್ಚಿತೆನ್ನಿ. ಬಟ್ಟೆ ಬಿಗಿದು ಕಟ್ಟುವುದು, ಬ್ಲೇಡಿನಿಂದ ಕೊಯ್ಯುವುದು, ಬಾಯಿಂದ ಹೀರುವುದು ಇವೆಲ್ಲ ಅನರ್ಥಕ್ಕೆ ದಾರಿ. ಮುರಿದ ಕಾಲಿಗೆ ಕಟ್ಟುವಂತೆ ದಬ್ಬೆ ಕಟ್ಟಿ ಅಲುಗಾಡದಂತೆ ಮಾಡಿ, ಧೈರ್ಯ ಹೇಳಿ, ನಡೆಸದೆ ಸಾಗಿಸಬೇಕು. ಕಾಲು ಊದುವುದಕ್ಕೆ ಮೊದಲೇ ಕಾಲ್ಗೆಜ್ಜೆಯನ್ನೂ ಕಾಲುಂಗುರವನ್ನೂ ತೆಗೆಯಬೇಕೆಂದು ಪುಸ್ತಕ ಹೇಳುತ್ತದೆ. ಆದರೆ ಮುತ್ತೈದೆಯ ಕಾಲುಂಗುರ ತೆಗೆಯುವಾಗ ಮನೆಯವರು ಅಡ್ಡ ನಿಲ್ಲುವರೆಂಬುದನ್ನು ಪುಸ್ತಕ ಹೇಳುವುದಿಲ್ಲ. ವಾದಕ್ಕೆ ನಿಲ್ಲದೆ, ತೆಗೆದು ಅತ್ತೆಯ ಕೈಗೇ ಒಪ್ಪಿಸಿ, ವಾಸಿಯಾದ ದಿನ ಅವರೇ ತೊಡಿಸಲೆಂದು ಹೇಳಿ. ಊದಿದ ಬೆರಳಿಗೆ ಉಂಗುರ ಕಚ್ಚಿಕೊಂಡು ರಕ್ತಸಂಚಾರ ನಿಂತರೆ ಬೆರಳೇ ಹೋದೀತು.

ಆಸ್ಪತ್ರೆಯಲ್ಲಿ ಶುಶ್ರೂಷಕಿಯ ಪಾಲಿಗೆ ಬರುವ ಅತಿ ಮುಖ್ಯವಾದ ಪರೀಕ್ಷೆಗೆ ಯಾವ ಯಂತ್ರವೂ ಬೇಡ. ಶುಭ್ರವಾದ, ಒಣಗಿದ, ಹೊಸ ಗಾಜಿನ ನಳಿಗೆಯಲ್ಲಿ ಎರಡು ಮಿಲಿಲೀಟರ್ ರಕ್ತವನ್ನು ತೆಗೆದು 20 ನಿಮಿಷ ಅಲುಗಿಸದೆ ಇಟ್ಟು, ಬಳಿಕ ಒಮ್ಮೆ ವಾಲಿಸಿ ನೋಡುವುದು. ರಕ್ತ ಹೆಪ್ಪುಗಟ್ಟದೆ ಹರಿದರೆ ಮಂಡಲದ ವಿಷ ರಕ್ತಕ್ಕೇರಿದೆಯೆಂದು ತಿಳಿಯತಕ್ಕದ್ದು. ಸೋಪಿನಲ್ಲಿ ತೊಳೆದ ನಳಿಗೆಯಾದರೆ ಹೆಪ್ಪುಗಟ್ಟಬೇಕಾದ ರಕ್ತವೂ ಹೆಪ್ಪುಗಟ್ಟದೆ ದಾರಿ ತಪ್ಪಿಸುತ್ತದೆ. ಪ್ಲಾಸ್ಟಿಕ್ ನಳಿಗೆಯೂ ಒದಗದು. ‘ಏಕೆ ಗಾಜು, ಏಕೆ ಹೊಸದು’ ಎಂದು ಮೌಖಿಕ ಪರೀಕ್ಷೆಯಲ್ಲಿ ನಾನಾಗಿದ್ದರೆ ಖಂಡಿತ ಕೇಳುತ್ತಿದ್ದೆ.

ಪ್ರತಿವಿಷವು ಕುದುರೆಯ ರಕ್ತದಿಂದ ಸಿದ್ಧವಾಗುವ ವಸ್ತು. ಇದೊಂದನ್ನು ನೆನಪಿಟ್ಟರೆ ಮಿಕ್ಕ ಅರ್ಧ ಪಾಠ ತಾನಾಗಿ ಬರುತ್ತದೆ. ಪರಕೀಯ ಪ್ರೋಟೀನು ರಕ್ತನಾಳದೊಳಗೆ ಹೋಗುವುದರಿಂದ ಅಲರ್ಜಿಯ ಆಘಾತ ಉಂಟಾಗಬಹುದು. ಆದುದರಿಂದ ಡ್ರಿಪ್ ಆರಂಭಿಸುವುದಕ್ಕೆ ಮುನ್ನವೇ ಅಡ್ರಿನಲಿನ್ ಸಿರಿಂಜಿನಲ್ಲಿ ಸಿದ್ಧವಾಗಿರಬೇಕು. ಮೈ ತುರಿಕೆ, ದದ್ದು, ಏದುಸಿರು ಕಂಡೊಡನೆ ಡ್ರಿಪ್ ನಿಲ್ಲಿಸಿ ವೈದ್ಯರನ್ನು ಕರೆಯಬೇಕು. ಮಗುವಿಗೂ ದೊಡ್ಡವರಿಗೂ ಪ್ರತಿವಿಷದ ಪ್ರಮಾಣ ಒಂದೇ, ಏಕೆಂದರೆ ಹಾವು ಮಗುವೆಂದು ವಿಷವನ್ನು ಕಡಿಮೆ ಬಿಡುವುದಿಲ್ಲ. ಕೊಳಕುಮಂಡಲದ ವಿಷ ಮೂತ್ರಪಿಂಡವನ್ನೂ ಕೆಡಿಸುವುದರಿಂದ ಮೂತ್ರದ ಅಳತೆಯನ್ನು ಗಂಟೆಗಂಟೆಗೂ ಬರೆದಿಡಬೇಕು.

ಕಟ್ಟುಹಾವಿನ ಕಥೆ ಬೇರೆ. ನೆಲದ ಮೇಲೆ ಮಲಗಿದವನನ್ನು ಅದು ರಾತ್ರಿಯಲ್ಲಿ ಕಚ್ಚಿ ಹೋದರೆ ನೋವೂ ಇಲ್ಲ, ಗುರುತೂ ಕಾಣದು; ಬೆಳಗಿನ ಜಾವ ಹೊಟ್ಟೆನೋವೆಂದು ಎದ್ದವನಿಗೆ ರೆಪ್ಪೆ ಎತ್ತಲಾಗದು, ಎಂಜಲು ನುಂಗಲಾಗದು. ಇವನ ರಕ್ತ ನಳಿಗೆಯಲ್ಲಿ ಸರಿಯಾಗಿಯೇ ಹೆಪ್ಪುಗಟ್ಟುತ್ತದೆ, ಕೆಡುವುದು ಉಸಿರು. ಇಲ್ಲಿ ‘ಮೊದಲು ಏನು’ ಎಂದರೆ, ಎಡಮಗ್ಗುಲಿಗೆ ಹೊರಳಿಸಿ ಉಸಿರುದಾರಿಯನ್ನು ಕಾಪಾಡುವುದು, ಉಸಿರಾಟದ ಚೀಲವನ್ನು ಕೈಗೆಟುಕುವಂತೆ ಇಟ್ಟುಕೊಳ್ಳುವುದು. 2024ರಲ್ಲಿ ನಮ್ಮ ರಾಜ್ಯ ಸರ್ಕಾರವು ಹಾವುಕಡಿತವನ್ನು ಕಡ್ಡಾಯವಾಗಿ ವರದಿಮಾಡತಕ್ಕ ರೋಗವೆಂದು ಘೋಷಿಸಿದೆಯೆಂಬುದನ್ನೂ ತಿಳಿದಿರಿ.

ಇನ್ನು ಕ್ರಿಮಿನಾಶಕ. 2018ರ ಡಿಸೆಂಬರ್ 14ರಂದು ನಮ್ಮ ಜಿಲ್ಲೆಯದೇ ಆದ ಸುಳ್ವಾಡಿಯಲ್ಲಿ, ಕಿಚ್ಚುಗುತ್ತಿ ಮಾರಮ್ಮನ ಪ್ರಸಾದವನ್ನುಂಡ ಭಕ್ತರಲ್ಲಿ 17 ಮಂದಿ ಪ್ರಾಣ ಕಳೆದುಕೊಂಡರು. ಪ್ರಸಾದದಲ್ಲಿ ಬೆರೆತಿದ್ದುದು ಬೆಳೆಗೆ ಸಿಂಪಡಿಸುವ ಆರ್ಗನೋಫಾಸ್ಫರಸ್ ಜಾತಿಯ ಔಷಧಿ. ಈ ವಿಷವು ನರದ ತುದಿಯಲ್ಲಿ ಅಸಿಟೈಲ್‌ಕೋಲಿನ್ ಎಂಬ ವಸ್ತುವನ್ನು ಒಡೆಯುವ ಕಿಣ್ವವನ್ನು ಕಟ್ಟಿಹಾಕುತ್ತದೆ. ಒಡೆಯದೆ ಉಳಿದ ಆ ವಸ್ತು ಮೈಯ ಗ್ರಂಥಿಗಳನ್ನೆಲ್ಲ ಕೆರಳಿಸುತ್ತದೆ. ಆಗ ಜೊಲ್ಲು, ಕಣ್ಣೀರು, ಬೆವರು, ವಾಂತಿ, ಭೇದಿ, ಎದೆಯೊಳಗೆ ಗೊರಗೊರ ಸದ್ದು ಉಂಟಾಗಿ, ಪಾಪೆ ಸೂಜಿಮೊನೆಯಷ್ಟಾಗುತ್ತದೆ. ಹೀಗೆ ಮೂಲವನ್ನು ಹಿಡಿದರೆ ಹಾವಿನ ಪಾಠದೊಡನೆ ಇದು ಎಂದಿಗೂ ಕಲಸದು. ಕೈಗವಸು ಹಾಕಿಕೊಂಡು ರೋಗಿಯ ಬಟ್ಟೆ ತೆಗೆದು ಸೋಪುನೀರಿನಿಂದ ಮೈಯನ್ನೂ ಕೂದಲನ್ನೂ ತೊಳೆಯಬೇಕು, ಆದರೆ ಉಸಿರುದಾರಿಯ ದ್ರವವನ್ನು ಹೀರಿ ಆಮ್ಲಜನಕ ಕೊಡುವ ಕೆಲಸ ಅದಕ್ಕಾಗಿ ಕಾಯಬಾರದು. ವೈದ್ಯರು ಅಟ್ರೋಪಿನ್ನನ್ನು ಐದೈದು ನಿಮಿಷಕ್ಕೆ ಇಮ್ಮಡಿಸುತ್ತ ಹೋಗುವಾಗ, ಸಾಕೆಂಬುದಕ್ಕೆ ಗುರುತು ಎದೆಯ ಗೊರಗೊರ ನಿಲ್ಲುವುದು, ನಾಡಿ 80ನ್ನು ದಾಟುವುದು, ಕಂಕುಳು ಒಣಗುವುದು. ಅತಿಯಾದರೆ ಜ್ವರ ಬಂದು ರೋಗಿ ಬಡಬಡಿಸುತ್ತಾನೆ, ಹಾಸಿಗೆ ಪರಚುತ್ತಾನೆ.

ಎರಡನೆಯ, ಮೂರನೆಯ ದಿನ, ಎಲ್ಲರೂ ಗೆದ್ದೆವೆಂದುಕೊಂಡಾಗ, ಕತ್ತಿನ ಸ್ನಾಯುಗಳು ಸೋತು ಉಸಿರು ನಿಲ್ಲುವ ಅವಸ್ಥೆಯೊಂದುಂಟು. ಪಾಳಿ ಬದಲಾಗುವಾಗಲೆಲ್ಲ ‘ದಿಂಬಿನಿಂದ ತಲೆ ಎತ್ತಿ, ಅಣ್ಣ’ ಎಂದು ಹೇಳಿ ನೋಡಿ. ಎತ್ತಲಾರದವನನ್ನು ಕಂಡರೆ ತತ್‌ಕ್ಷಣ ವೈದ್ಯರಿಗೆ ತಿಳಿಸಿ. ದಿನಕ್ಕೆರಡು ಬಾರಿ ಬಂದು ಹೋಗುವ ವೈದ್ಯನಿಗೆ ಇದು ತಪ್ಪಿಹೋಗಬಹುದು, ರಾತ್ರಿಯೆಲ್ಲ ಹತ್ತಿರವಿರುವ ದಾದಿಗೆ ತಪ್ಪಬಾರದು.

ಪ್ರಶ್ನೆ: ನಾನು ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಹುಡುಗಿ, ಬಿಎಸ್‌ಸಿ ನರ್ಸಿಂಗ್ ಓದುತ್ತಿದ್ದೇನೆ. ನನ್ನ ತಮ್ಮನಿಗೆ ಸಿಕಲ್ ಸೆಲ್ ಇದೆ. ಕೈಕಾಲು ನೋವು ಬಂದಾಗ ತಣ್ಣೀರು ಬಟ್ಟೆಯೋ, ಬಿಸಿನೀರ ಶಾಖವೋ? ಪರೀಕ್ಷೆಯಲ್ಲೂ ಇದನ್ನೇ ಕೇಳುತ್ತಾರೆ.

ಉತ್ತರ: ಹದವಾದ ಬಿಸಿಶಾಖ, ತಣ್ಣೀರು ಎಂದಿಗೂ ಬೇಡ. ಆಮ್ಲಜನಕ ಕಡಿಮೆಯಾದಾಗ ಕೆಂಪುರಕ್ತಕಣಗಳು ಕುಡುಗೋಲಿನಂತೆ ಬಾಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಹಾಕಿಕೊಳ್ಳುವುದೇ ಈ ನೋವಿಗೆ ಮೂಲ. ಚಳಿ ತಾಗಿದರೆ ನಾಳಗಳು ಮತ್ತಷ್ಟು ಕಿರಿದಾಗುತ್ತವೆ. ನಿಮ್ಮ ಬೆಟ್ಟದ ಮಾಗಿಯ ಚಳಿಯಲ್ಲಿ ತಮ್ಮನಿಗೆ ಕಂಬಳಿ, ಬೆಚ್ಚಗಿನ ನೀರು, ಆಗಾಗ್ಗೆ ಕುಡಿಯಲು ಗಂಜಿ ಇವು ಔಷಧಿಯಷ್ಟೇ ಮುಖ್ಯ. ನೋವೆಂದು ಅವನು ಹೇಳಿದರೆ ನಂಬಬೇಕು; ಹೊರಗೆ ಏನೂ ಕಾಣದೆಂದು ನೋವಿನ ಮದ್ದನ್ನು ತಡಮಾಡುವ ವಾರ್ಡುಗಳನ್ನು ನಾನು ಕಂಡಿದ್ದೇನೆ, ಒಪ್ಪಿಲ್ಲ. ಇಂಥವರ ಗುಲ್ಮ ಕೆಲಸ ನಿಲ್ಲಿಸಿರುವುದರಿಂದ ಸೋಂಕು ಬೇಗನೆ ಹರಡುತ್ತದೆ. ಜ್ವರ ಬಂದ ದಿನವೇ ಆಸ್ಪತ್ರೆ ಸೇರಿಸಬೇಕು, ಎದೆನೋವೂ ಏದುಸಿರೂ ಜೊತೆಯಾದರೆ ಗಂಟೆಯೂ ಕಾಯಬಾರದು. ಹೈಡ್ರಾಕ್ಸಿಯೂರಿಯ ಮಾತ್ರೆಯನ್ನು ವೈದ್ಯರು ಬರೆದಿದ್ದರೆ ನೋವಿಲ್ಲದ ದಿನಗಳಲ್ಲೂ ಬಿಡಕೂಡದು. 2023ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ 40 ವರ್ಷದೊಳಗಿನವರಿಗೆ ರಕ್ತಪರೀಕ್ಷೆ ನಡೆಯುತ್ತಿದೆ, ನೀವೂ ಮಾಡಿಸಿಕೊಳ್ಳಿ. ತಂದೆತಾಯಿಗಳಿಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ರೋಗ ಬರುವ ಸಂಭವ ನಾಲ್ಕರಲ್ಲೊಂದು.

ಪ್ರಶ್ನೆ: ಮಗಳು ನರ್ಸಿಂಗ್ ಪರೀಕ್ಷೆಗೆ ರಾತ್ರಿಯೆಲ್ಲ ಓದುತ್ತಾಳೆ, ಓದಿದ್ದು ನಿಲ್ಲುವುದಿಲ್ಲ, ಸುಸ್ತು ಎನ್ನುತ್ತಾಳೆ. ನೆನಪಿನ ಶಕ್ತಿಗೆ ಯಾವ ಟಾನಿಕ್ ಒಳ್ಳೆಯದು?
– ತಂದೆ, ಗುಂಡ್ಲುಪೇಟೆ

ಉತ್ತರ: ಯಾವುದೂ ಇಲ್ಲ ಸ್ವಾಮಿ. ಓದಿದ್ದು ಮನಸ್ಸಿನಲ್ಲಿ ನೆಲೆಗೊಳ್ಳುವುದು ನಿದ್ರೆಯಲ್ಲಿ, ಮೊದಲು ಮಲಗಿಸಿ. ಹಾಗೆಯೇ ಟಾನಿಕ್ಕಿನ ದುಡ್ಡಿನಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ; 12 ಗ್ರಾಮಿಗಿಂತ ಕಡಿಮೆಯಿದ್ದರೆ ವೈದ್ಯರು ಕಬ್ಬಿಣದ ಮಾತ್ರೆ ಬರೆಯುತ್ತಾರೆ. ಅದನ್ನು ನಿಂಬೆಹಣ್ಣಿನ ಪಾನಕದೊಡನೆ ಕೊಡಿ. ಕಾಫಿ, ಟೀ ಕುಡಿಯುವ ಹೊತ್ತಿನಲ್ಲಿ ಕೊಟ್ಟರೆ ಕಬ್ಬಿಣ ಮೈಗೆ ಹತ್ತುವುದಿಲ್ಲ. ಮಲ ಕಪ್ಪಾದರೆ ಗಾಬರಿ ಬೇಡ, ಅದು ಮಾತ್ರೆಯ ಬಣ್ಣ. ಮಗಳನ್ನೇ ಕೇಳಿ, ಅದೂ ಅವಳ ಪಠ್ಯದಲ್ಲಿದೆ.