ಒಂದೇ ಎಲೆಕ್ಟ್ರಾನು, ಎರಡು ಮಾಸು

ಸೆಮಿಕಂಡಕ್ಟರ್ ಟೇಬಲ್‌ಗಳಲ್ಲಿ ಸಿಲಿಕಾನ್ ಎಲೆಕ್ಟ್ರಾನಿನ ಇಫೆಕ್ಟಿವ್ ಮಾಸ್ ಒಂದು ಕಡೆ 0.26 ಅಂತ ಇರುತ್ತೆ, ಇನ್ನೊಂದು ಕಡೆ 1.08. ಎರಡೂ ಫ್ರೀ ಎಲೆಕ್ಟ್ರಾನಿನ ಮಾಸ್‌ಗೆ ಹೋಲಿಸಿದ ಸಂಖ್ಯೆಗಳೇ. ನಾಲ್ಕು ಪಟ್ಟು ವ್ಯತ್ಯಾಸ! ಪ್ರಿಂಟ್ ಮಿಸ್ಟೇಕ್ ಏನಲ್ಲ, ಎರಡೂ ಸರಿ. ಯಾವುದನ್ನ ಎಲ್ಲಿ ಹಾಕಬೇಕು ಅನ್ನೋದೇ ಪ್ರಶ್ನೆ.

ಕ್ರಿಸ್ಟಲ್ ಒಳಗೆ ಎಲೆಕ್ಟ್ರಾನನ್ನು ಸುತ್ತಲಿನ ಎಲ್ಲಾ ಅಣುಗಳೂ ಎಳೀತಾ ಇರುತ್ತವೆ. ಅಷ್ಟೂ ಬಲಗಳನ್ನ ಲೆಕ್ಕ ಹಾಕೋದು ಆಗದ ಮಾತು. ಹಾಗಾಗಿ ನಾವು ಹೊರಗಿನಿಂದ ಕೊಟ್ಟ ಬಲವನ್ನಷ್ಟೇ ಬರೆದು, ಕ್ರಿಸ್ಟಲ್‌ನ ಪ್ರಭಾವವನ್ನೆಲ್ಲ ಮಾಸ್ ಒಳಗೆ ಸೇರಿಸಿಬಿಡ್ತೀವಿ. ಈ ಮಾಸು ಸಿಗೋದು ಇ-ಕೆ ಗ್ರಾಫಿನಿಂದ. ಬಲ ಕೊಟ್ಟರೆ ಕೆ ಬದಲಾಗುತ್ತೆ. ಗ್ರಾಫಿನ ಇಳಿಜಾರು ಎಲೆಕ್ಟ್ರಾನಿನ ವೇಗವನ್ನ ಹೇಳುತ್ತೆ. ಗ್ರಾಫು ಬಾಣಲೆ ತರ ಚೆನ್ನಾಗಿ ಬಾಗಿದ್ದರೆ ಕೆ ಸ್ವಲ್ಪ ಬದಲಾದರೂ ವೇಗ ತುಂಬಾ ಬದಲಾಗುತ್ತೆ, ಅಂದ್ರೆ ಎಲೆಕ್ಟ್ರಾನು ಹಗುರ. ತಟ್ಟೆ ತರ ಚಪ್ಪಟೆ ಇದ್ದರೆ ಭಾರ.

ಗ್ಯಾಲಿಯಂ ಆರ್ಸೆನೈಡ್‌ನಲ್ಲಿ ತಲೆನೋವಿಲ್ಲ. ಕಂಡಕ್ಷನ್ ಬ್ಯಾಂಡಿನ ತಳ ಕೆ ಸೊನ್ನೆ ಇರುವಲ್ಲೇ ಇದೆ, ಎಲ್ಲ ದಿಕ್ಕಿಗೂ ಒಂದೇ ಬಾಗು. 0.067, ಮುಗೀತು.

ಸಿಲಿಕಾನ್ ಹಾಗಲ್ಲ. ಅದರ ತಳ ನಡುವಿನಲ್ಲಿಲ್ಲ. ಎಕ್ಸ್, ವೈ, ಝಡ್ ಅಕ್ಷಗಳ ಎರಡೂ ಬದಿಗೆ, ಬ್ರಿಲ್ವಾ ಝೋನ್‌ನ ಅಂಚಿನ ಕಡೆಗೆ ಸುಮಾರು 85% ದೂರದಲ್ಲಿ, ಒಟ್ಟು ಆರು ವ್ಯಾಲಿಗಳಿವೆ. ಒಂದೊಂದೂ ತನ್ನ ಅಕ್ಷದ ಉದ್ದಕ್ಕೆ ಮಲಗಿಸಿದ ಸೌತೆಕಾಯಿ ಆಕಾರ. ಉದ್ದದ ದಿಕ್ಕಿನಲ್ಲಿ ಮಾಸು 0.98, ಅಡ್ಡದ ಎರಡು ದಿಕ್ಕಿನಲ್ಲಿ 0.19.

ಈಗ ಎಕ್ಸ್ ದಿಕ್ಕಿಗೆ ಫೀಲ್ಡ್ ಕೊಡೋಣ. ಎರಡು ವ್ಯಾಲಿಯ ಎಲೆಕ್ಟ್ರಾನ್‌ಗಳಿಗೆ 0.98, ಉಳಿದ ನಾಲ್ಕರವಕ್ಕೆ 0.19. ವೇಗೋತ್ಕರ್ಷ ಮಾಸ್‌ಗೆ ವಿಲೋಮ, ಆದ್ದರಿಂದ ಸರಾಸರಿ ತೆಗೆಯಬೇಕಾದ್ದು ಮಾಸ್‌ನದ್ದಲ್ಲ, 1/ಮಾಸ್‌ನದ್ದು. 1/0.98 ಮತ್ತು 2/0.19 ಕೂಡಿಸಿ 3ರಿಂದ ಭಾಗಿಸಿದರೆ ಸುಮಾರು 3.85, ತಿರುಗಿಸಿದರೆ 0.26. ಮೊಬಿಲಿಟಿ, ಕಂಡಕ್ಟಿವಿಟಿ ಪ್ರಾಬ್ಲಮ್‌ಗೆ ಇದೇ.

1.08 ಎಲೆಕ್ಟ್ರಾನು ಓಡೋದರ ಬಗ್ಗೆ ಅಲ್ಲವೇ ಅಲ್ಲ, ಸೀಟು ಎಣಿಸೋದರ ಬಗ್ಗೆ. ಡೆನ್ಸಿಟಿ ಆಫ್ ಸ್ಟೇಟ್ಸ್‌ಗೆ ಸೌತೆಕಾಯಿಯ ಗಾತ್ರ ಬೇಕು. 0.98, 0.19, 0.19 ಮೂರನ್ನೂ ಗುಣಿಸಿ ಘನಮೂಲ ತೆಗೆದರೆ 0.33. ವ್ಯಾಲಿಗಳು ಆರು. ಆದರೆ ಸೀಟಿನ ಸಂಖ್ಯೆಯಲ್ಲಿ ಮಾಸು 3/2 ಘಾತದಲ್ಲಿ ಬರೋದರಿಂದ, ಮಾಸ್ ಒಳಗೆ ಸೇರಿಸುವಾಗ 6ರ 2/3 ಘಾತ, ಅಂದ್ರೆ 3.3ರಿಂದ ಗುಣಿಸಬೇಕು. ಬಂತಲ್ಲ, 1.08. ಎನ್‌ಸಿ ಕಂಡುಹಿಡಿಯೋಕೆ ಇದು ಬೇಕು. ಅಲ್ಲಿ 0.26 ಹಾಕಿದರೆ ಉತ್ತರ ಎಂಟು ಪಟ್ಟಿಗಿಂತ ಹೆಚ್ಚು ಕಡಿಮೆ ಬರುತ್ತೆ.

ಇದು ಬರೀ ಪರೀಕ್ಷೆಯ ಲೆಕ್ಕ ಅಂದ್ಕೋಬೇಡಿ. ಸಿಲಿಕಾನನ್ನು ಸ್ವಲ್ಪ ಎಳೆದು ಹಿಗ್ಗಿಸಿದರೆ ಆರು ವ್ಯಾಲಿಗಳು ಸಮ ಇರಲ್ಲ. ಚಿಪ್‌ನ ಮೇಲ್ಮೈಗೆ ಲಂಬವಾಗಿರೋ ಎರಡು ಕೆಳಗಿಳಿಯುತ್ತವೆ, ಹೆಚ್ಚು ಎಲೆಕ್ಟ್ರಾನ್‌ಗಳು ಅಲ್ಲಿಗೇ ಸೇರುತ್ತವೆ. ಕರೆಂಟ್ ಹರಿಯೋ ದಿಕ್ಕಿಗೆ ಅವುಗಳ ಮಾಸು ಹಗುರವಾದ 0.19! ಇಂಟೆಲ್ 2003ರಲ್ಲಿ ತನ್ನ 90 ನ್ಯಾನೋಮೀಟರ್ ಟ್ರಾನ್ಸಿಸ್ಟರ್‌ಗಳ ಮೇಲೆ ನೈಟ್ರೈಡ್ ಪದರ ಹೊದಿಸಿ ಹೀಗೆ ಎಳೆಸಿತು. ಹೋಲ್‌ಗಳಿಗೆ ಮಾತ್ರ ಎಳೆಯೋ ಬದಲು ಒತ್ತಬೇಕು. ಅದಕ್ಕೇ ಅದೇ ಚಿಪ್‌ನ ಪಿಮಾಸ್‌ಗಳಲ್ಲಿ ಸೋರ್ಸ್ ಮತ್ತು ಡ್ರೈನ್ ಜಾಗಕ್ಕೆ ಸಿಲಿಕಾನ್-ಜರ್ಮೇನಿಯಂ ತುಂಬಿದ್ದರು.