ಮೈಕ್ರೋವೇವ್ ಒಲೆಯೂ ಅದರ ಫ್ಯೂಸೂ

ತಂತಿಯಲ್ಲಿ ವಿದ್ಯುತ್ತು ಹರಿದಾಗ ಶಾಖವುಂಟಾಗುವುದೆಂಬುದನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಪ್ರವಾಹವು ಎರಡರಷ್ಟಾದರೆ ಶಾಖವು ನಾಲ್ಕರಷ್ಟಾಗುವುದೆಂಬ ಜೂಲನ ನಿಯಮವನ್ನು ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆಯುವರು. ಆದರೆ ಮನೆಯಲ್ಲಿ ಫ್ಯೂಸು ಹೋದ ದಿನ ಕೈಗೆ ಸಿಕ್ಕಿದ ತಾಮ್ರದ ತಂತಿಯನ್ನು ಎರಡು ಸುತ್ತು ಸುತ್ತಿ, ಕೆಲಸವಾಯಿತೆಂದು ನೆಮ್ಮದಿಗೊಳ್ಳುವವರು ಓದಿದವರಲ್ಲಿಯೂ ಉಂಟು. ಓದಿದ ಪಾಠವು ಅಡಿಗೆಮನೆಯವರೆಗೆ ಬರಬೇಕೆಂಬ ಉದ್ದೇಶದಿಂದ, ಈಗ ಅನೇಕ ಮನೆಗಳಲ್ಲಿ ಕಾಣಬರುವ ಮೈಕ್ರೋವೇವ್ ಒಲೆಯ ಫ್ಯೂಸನ್ನು ಉದಾಹರಣೆಯಾಗಿ ತೆಗೆದುಕೊಂಡು ಇಲ್ಲಿ ಕೆಲವು ಮಾತುಗಳನ್ನು ಹೇಳಲಾಗಿದೆ.

ಫ್ಯೂಸೆಂದರೆ ವಿದ್ಯುನ್ಮಾರ್ಗದಲ್ಲಿ ಬುದ್ಧಿಪೂರ್ವಕವಾಗಿ ಇಟ್ಟ ದುರ್ಬಲ ಸ್ಥಾನ. ಮಿತಿ ಮೀರಿದ ಪ್ರವಾಹವು ಹರಿದೊಡನೆ ಅದು ತಾನು ಕರಗಿ, ಉಳಿದ ಭಾಗಗಳನ್ನೂ ಮನೆಯನ್ನೂ ಕಾಪಾಡುತ್ತದೆ. ಒಂದು ಲೆಕ್ಕವನ್ನು ನೋಡೋಣ. ನಮ್ಮ ಮನೆಗಳಿಗೆ ಬರುವ ವಿದ್ಯುತ್ತಿನ ಒತ್ತಡ 230 ವೋಲ್ಟು. ಒಲೆಯು 1,150 ವಾಟ್ ಶಕ್ತಿಯನ್ನು ಸೆಳೆಯುವುದಾದರೆ, 1,150ನ್ನು 230ರಿಂದ ಭಾಗಿಸಿದಾಗ 5 ಆಂಪಿಯರ್ ಪ್ರವಾಹವೆಂದು ತಿಳಿಯುತ್ತದೆ. ಒಲೆಯನ್ನು ಹಚ್ಚಿದ ಕ್ಷಣದಲ್ಲಿ ಇದಕ್ಕಿಂತ ಹೆಚ್ಚು ಪ್ರವಾಹ ನುಗ್ಗುವುದರಿಂದ ತಯಾರಕರು ತುಸು ಹೆಚ್ಚಿನ ಅಳತೆಯ ಫ್ಯೂಸನ್ನು ಗೊತ್ತುಮಾಡಿರುತ್ತಾರೆ. ಆ ಅಳತೆಯು ಫ್ಯೂಸಿನ ಲೋಹದ ಟೊಪ್ಪಿಗೆಯ ಮೇಲೆಯೇ ಮುದ್ರಿತವಾಗಿರುತ್ತದೆ. ಅದಕ್ಕಿಂತ ದಪ್ಪನೆಯ ತಂತಿಯನ್ನು ಸೇರಿಸಿದರೆ ತಂತಿ ಉಳಿದು ಯಂತ್ರವು ಸುಡುವುದು. ಕಾವಲುಗಾರನನ್ನು ಉಳಿಸಿ ಮನೆಯನ್ನು ಕಳೆದುಕೊಂಡಂತಾಗುವುದು.

ಇನ್ನು ಒಲೆಯ ಒಳಭಾಗ. ಅಲ್ಲಿ ಮ್ಯಾಗ್ನೆಟ್ರಾನ್ ಎಂಬ ನಳಿಕೆಯಿದೆ. ಆಹಾರವನ್ನು ಬಿಸಿಮಾಡುವ ಸೂಕ್ಷ್ಮ ತರಂಗಗಳನ್ನು ಉತ್ಪಾದಿಸುವುದು ಅದೇ. ಅದು ಕೆಲಸ ಮಾಡಬೇಕಾದರೆ 230 ವೋಲ್ಟು ಸಾಲದು. ಸಾಮಾನ್ಯ ಒಲೆಯಲ್ಲಿ ಟ್ರಾನ್ಸ್‌ಫಾರ್ಮರು ಒತ್ತಡವನ್ನು ಸುಮಾರು 2,000 ವೋಲ್ಟಿಗೆ ಏರಿಸುತ್ತದೆ. ಕೆಪ್ಯಾಸಿಟರು ಮತ್ತು ಡಯೋಡು ಸೇರಿ ಅದನ್ನು ಸುಮಾರು ಇಮ್ಮಡಿಗೊಳಿಸುತ್ತವೆ. ಈ ಕೆಪ್ಯಾಸಿಟರು ವಿದ್ಯುತ್ತನ್ನು ಕೂಡಿಡುವ ಭಾಗ. ಪ್ಲಗ್ಗನ್ನು ಕಿತ್ತ ಮೇಲೂ ಅದರಲ್ಲಿ ವಿದ್ಯುದಾವೇಶ ಉಳಿದಿರಬಹುದು. ಆವೇಶವನ್ನು ಮೆಲ್ಲನೆ ಇಳಿಸಲು ಅದಕ್ಕೊಂದು ರೋಧಕವನ್ನು ಜೋಡಿಸಿರುವುದುಂಟು. ಆದರೆ ಆ ರೋಧಕವೇ ಕೆಟ್ಟಿದ್ದರೆ ಹೊರಗಿನಿಂದ ತಿಳಿಯಲಾಗದು. ಆದುದರಿಂದ “ಪ್ಲಗ್ ತೆಗೆದಿದೆಯಲ್ಲ, ಇನ್ನೇನು ಭಯ?” ಎಂಬ ಮಾತು ಇಸ್ತ್ರಿಪೆಟ್ಟಿಗೆಗೆ ಸಲ್ಲಬಹುದು, ಈ ಒಲೆಗೆ ಸಲ್ಲದು. ಕೆಟ್ಟು ನಿಂತ ಒಲೆಯೊಳಗೆ ಕೈಯಿಟ್ಟವನಿಗೂ ಪ್ರಾಣಾಪಾಯ ಒದಗಬಹುದು.

ಇದಕ್ಕಿಂತಲೂ ಗಮನಿಸಬೇಕಾದ ವಿಷಯ ಇನ್ನೊಂದಿದೆ. ಬಾಗಿಲನ್ನು ತೆರೆದೊಡನೆ ಒಲೆ ನಿಲ್ಲುವಂತೆ ಬಾಗಿಲಿನ ಚಿಲಕದ ಹಿಂದೆ ಸ್ವಿಚ್ಚುಗಳಿವೆ. ಇವು ಅಂಟಿಕೊಂಡು ಕೆಟ್ಟರೆ ಬಾಗಿಲು ತೆರೆದಿರುವಾಗಲೇ ತರಂಗಗಳು ಹೊರಸೂಸಿ ಚರ್ಮಕ್ಕೂ ಕಣ್ಣಿಗೂ ಹಾನಿಯಾಗಬಹುದು. ಅದನ್ನು ತಡೆಯಲು ಮತ್ತೊಂದು ಕಾವಲು ಸ್ವಿಚ್ಚನ್ನು ಇಟ್ಟಿರುತ್ತಾರೆ. ಮೊದಲಿನವು ತಪ್ಪಿದಾಗ ಅದು ತಂತಿಗಳನ್ನು ನೇರವಾಗಿ ಕೂಡಿಸಿ, ಬೇಕೆಂದೇ ಫ್ಯೂಸನ್ನು ಸುಡಿಸುತ್ತದೆ. ಹಾಗೆ ಸುಡಿಸುವಾಗ ಹರಿದ ಭಾರಿ ಪ್ರವಾಹದಿಂದ ಕಾವಲು ಸ್ವಿಚ್ಚೂ ಕೆಟ್ಟಿರಬಹುದು. ಈಗ ಹೊಸ ಫ್ಯೂಸನ್ನು ಮಾತ್ರ ಹಾಕಿದರೆ ಏನಾಗುವುದು? ಒಲೆ ನಡೆಯುವುದು, ಆದರೆ ಬಾಗಿಲಿಗೆ ಕಾವಲೇ ಇರದು. ಫ್ಯೂಸು ಹೋದದ್ದು ರೋಗವಲ್ಲ, ರೋಗದ ಲಕ್ಷಣ.

ಹಾಗಾದರೆ ಗೃಹಸ್ಥನು ಮಾಡತಕ್ಕದ್ದೇನು? ಮೊದಲನೆಯದಾಗಿ, ಒಲೆಯ ದೀಪವೂ ಹತ್ತದೆ, ಅಂಕಿಗಳೂ ಮೂಡದೆ ಪೂರ್ತಿ ಸ್ತಬ್ಧವಾಗಿದ್ದರೆ ಸ್ವಿಚ್ಚನ್ನು ಆರಿಸಿ ಪ್ಲಗ್ಗನ್ನು ಕೀಳಬೇಕು. ಎರಡನೆಯದಾಗಿ, ಸುಸ್ಥಿತಿಯಲ್ಲಿರುವ ಬೇರೊಂದು ಉಪಕರಣವನ್ನು ಅದೇ ಸಾಕೆಟ್ಟಿಗೆ ಹಚ್ಚಿ ನೋಡಬೇಕು. ಅದೂ ನಡೆಯದಿದ್ದರೆ ದೋಷವು ಮನೆಯ ಕಡೆಯದು. ಎಂ.ಸಿ.ಬಿ. ಕೆಳಗೆ ಬಿದ್ದಿದ್ದರೆ ಒಮ್ಮೆ ಮೇಲೆತ್ತಬಹುದು. ಮತ್ತೆ ಬಿದ್ದರೆ ಬಲವಂತ ಕೂಡದು. ಹಳೆಯ ಪಿಂಗಾಣಿ ಫ್ಯೂಸಾದರೆ ಮೈನ್ ಸ್ವಿಚ್ಚನ್ನು ಆರಿಸಿದ ಮೇಲೆ, ಒಣಗಿದ ಕೈಯಿಂದ, ಗೊತ್ತಾದ ಅಳತೆಯ ಫ್ಯೂಸ್ ತಂತಿಯನ್ನೇ ಹಿರಿಯರು ಕಟ್ಟಬೇಕು. ಮೂರನೆಯದಾಗಿ, ಸಾಕೆಟ್ಟು ಸರಿಯಿದ್ದೂ ಒಲೆ ನಡೆಯದಿದ್ದರೆ ನಮ್ಮ ಕೆಲಸ ಅಲ್ಲಿಗೆ ಮುಗಿಯಿತು. ಹೊರಗವಚದ ಸ್ಕ್ರೂಗಳನ್ನು ಬಿಚ್ಚದೆ ಬಲ್ಲವರನ್ನು ಕರೆಸಬೇಕು.

ಕರೆಸಿದ ಮೇಲೂ ನಾವು ಕಣ್ಣು ಮುಚ್ಚಿ ಕುಳಿತಿರಬೇಕಾಗಿಲ್ಲ. ಬಲ್ಲ ಕೆಲಸಗಾರನು ಮೊದಲು ಕೆಪ್ಯಾಸಿಟರಿನ ಆವೇಶವನ್ನು ಇಳಿಸುತ್ತಾನೆ. ಫ್ಯೂಸನ್ನು ಕಣ್ಣಳತೆಯಿಂದಲ್ಲ, ಮೀಟರಿನಿಂದ ಪರೀಕ್ಷಿಸುತ್ತಾನೆ. ಪಿಂಗಾಣಿ ಕೊಳವೆಯ ಫ್ಯೂಸು ಸುಟ್ಟಿದ್ದರೂ ಹೊರಗೆ ಕಾಣದಷ್ಟೆ. ಬಳಿಕ ಬಾಗಿಲಿನ ಸ್ವಿಚ್ಚುಗಳನ್ನೂ ಟ್ರಾನ್ಸ್‌ಫಾರ್ಮರನ್ನೂ ಕೆಪ್ಯಾಸಿಟರನ್ನೂ ನೋಡಿ, ಅದೇ ಅಂಕಿ, ಅದೇ ಅಕ್ಷರ, ಅದೇ ಬಗೆಯ ಫ್ಯೂಸನ್ನು ಹಾಕುತ್ತಾನೆ. “ಫ್ಯೂಸು ಏಕೆ ಹೋಯಿತು?” ಎಂಬ ಪ್ರಶ್ನೆಯನ್ನು ನಾವು ಕೇಳಲೇಬೇಕು. ಉತ್ತರ ದೊರೆಯದಿದ್ದರೆ ರಿಪೇರಿ ಪೂರ್ಣವಾಗಿಲ್ಲವೆಂದೇ ತಿಳಿಯಬೇಕು.

ನಮ್ಮ ಮನೆಯ ಒಲೆ ಹೀಗೆ ನಿಂತ ದಿನ, ಇಷ್ಟೆಲ್ಲ ಪಾಠ ಹೇಳುವ ನಾನೂ ಸ್ಕ್ರೂಡ್ರೈವರನ್ನು ಹಿಡಿದು ಅದರ ಮುಂದೆ ಕುಳಿತಿದ್ದೆನೆಂದು ಒಪ್ಪಿಕೊಳ್ಳಬೇಕು. ಒಲೆಯ ಬೆನ್ನಿಗೆ ಅಂಟಿಸಿದ್ದ ಎಚ್ಚರಿಕೆಯ ಚೀಟಿ ಇಂಗ್ಲಿಷಿನಲ್ಲಿತ್ತು. “ಇದರಲ್ಲೇನು ಬರೆದಿದೆ?” ಎಂದು ಮನೆಯವರು ಕೇಳಿದಾಗ ಅದನ್ನು ಕನ್ನಡದಲ್ಲಿ ಓದಿ ಹೇಳಬೇಕಾಯಿತು, ಹೇಳುತ್ತಿದ್ದಂತೆ ನನ್ನ ಕೈಯೇ ಹಿಂದೆ ಸರಿಯಿತು. ಮರುದಿನ ಬಂದ ಕೆಲಸಗಾರನು ಅಂಟಿಕೊಂಡಿದ್ದ ಬಾಗಿಲ ಸ್ವಿಚ್ಚನ್ನು ತೆಗೆದು ತೋರಿಸಿದನು.

ವಿದ್ಯಾರ್ಥಿಗಳೇ, ನಿಮ್ಮ ಮನೆಯ ಉಪಕರಣಗಳ ಮೇಲಿರುವ ಇಂಥ ಚೀಟಿಗಳನ್ನು ತಂದೆತಾಯಿಗಳಿಗೆ ಕನ್ನಡದಲ್ಲಿ ಓದಿ ಹೇಳಿರಿ. ಎಲ್ಲಿಯವರೆಗೆ ಕೈಹಾಕಬಹುದು, ಎಲ್ಲಿ ನಿಲ್ಲಬೇಕು ಎಂಬುದನ್ನು ಅರಿಯುವುದೂ ವಿಜ್ಞಾನದ ಒಂದು ಪಾಠವೇ ಸರಿ.