ಸಾಗಣೆಯ ಲೆಕ್ಕವೂ ಗಣಕಯಂತ್ರವೂ



ಗಿರಣಿಗೆ ಲಾರಿ ಒಂದೇ ಇದ್ದರೆ ಹತ್ತಿ ತರುವುದೋ, ಬಟ್ಟೆ ಕಳುಹಿಸುವುದೋ? ಒಂದಕ್ಕೆ ಕೊಟ್ಟ ಜಾಗ ಇನ್ನೊಂದಕ್ಕಿಲ್ಲ. ಸೈನ್ಯದ ವಿಮಾನ ಸಾಗಣೆಯ ತೊಡಕೂ ಇದೇ. ವಿಮಾನಗಳು ಕೆಲವೇ, ಹೋಗಬೇಕಾದ ಸೈನಿಕರು, ಔಷಧ, ಮದ್ದುಗುಂಡು ಬಹಳ.

1991ರ ಕೊಲ್ಲಿ ಯುದ್ಧದ ಕಾಲದಲ್ಲಿ ಅಮೆರಿಕದ ಸೇನೆಯು ಇಂಥ ಸಾಗಣೆಯ ಯೋಜನೆಗಾಗಿ ‘ಡಾರ್ಟ್’ ಎಂಬ ತಂತ್ರಾಂಶವನ್ನು ಬಳಸಿತು. ಒಮ್ಮೆಗೆ 50,000ದವರೆಗೆ ವಾಹನ, ಸರಕು, ಜನರನ್ನು ಲೆಕ್ಕಕ್ಕೆ ಹಿಡಿದು, ಎಲ್ಲಿಂದ, ಎಲ್ಲಿಗೆ, ಯಾವ ದಾರಿಯಲ್ಲಿ ಎಂಬುದನ್ನು ಅದು ಹೊಂದಿಸುತ್ತಿತ್ತು. ಹಿಂದೆ ವಾರಗಳು ಹಿಡಿಯುತ್ತಿದ್ದ ಯೋಜನೆ ಕೆಲವು ಗಂಟೆಗಳಲ್ಲಿ ಸಿದ್ಧವಾಗುತ್ತಿತ್ತು.

ಆದರೆ ಗಾಯಾಳುವಿನ ಔಷಧ ಮೊದಲೋ, ಮದ್ದುಗುಂಡು ಮೊದಲೋ ಎಂಬ ತೀರ್ಮಾನ ಮನುಷ್ಯನದೇ. ಯಂತ್ರವು ಲೆಕ್ಕ ಒಪ್ಪಿಸುತ್ತದೆ. ರುಜು ಹಾಕಿದವನು ಹೊಣೆ ಹೊರಬೇಕು.